ಜೀಪಿಗೊಂದು ಮೆಟ್ಟಿಲು

ಜೀಪನ್ನು ರೂಪಿಸಿದವರಿಗೆ ಸೀರೆಯೆಂಬ ಉಡುಪಿನ ನೆನಪು ಬಂದಿರಲಾರದು. ಬರಬೇಕಾದ ಕಾರಣವೂ ಇರಲಿಲ್ಲ ಎನ್ನಿ. ಬೂಟು ಹಾಕಿದ ಸೈನಿಕ ಒಂದು ಕೈಯಲ್ಲಿ ಬಂದೂಕು ಹಿಡಿದು ಒಂದೇ ನೆಗೆತಕ್ಕೆ ಹತ್ತಿ ಕೂರಬೇಕು, ಗುಂಡು ಹಾರಿದರೆ ಅಷ್ಟೇ ಬೇಗ ಹೊರಗೆ ಹಾರಬೇಕು. ಅಂಥವನಿಗೆ ಬಾಗಿಲು ಯಾಕೆ, ಮೆಟ್ಟಿಲು ಯಾಕೆ? 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪೆನಿಗಳಿಗೆ ಬರೆದು, ನಾಲ್ಕೂ ಚಕ್ರ ಎಳೆಯುವ ಒಂದು ಚಿಕ್ಕ ಗಾಡಿ ಬೇಕು, ಮೊದಲ ಮಾದರಿಯನ್ನು 49 ದಿನಗಳೊಳಗೆ ತಂದು ನಿಲ್ಲಿಸಬೇಕು ಎಂದು ಕೇಳಿತು. ತೂಕ 590 ಕಿಲೊ ಆಸುಪಾಸಿನಲ್ಲಿರಬೇಕು ಎಂಬ ಕರಾರು ಬೇರೆ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಮುಳುಗುತ್ತಿದ್ದ ಪುಟ್ಟ ಕಂಪೆನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನನ್ನು ಕೂರಿಸಿಕೊಂಡು ನಕ್ಷೆ ಬರೆಸಿ, ಸೆಪ್ಟೆಂಬರ್ 23ರಂದು ಗಾಡಿಯನ್ನು ಸೈನ್ಯದ ಮುಂದೆ ನಿಲ್ಲಿಸಿಯೂಬಿಟ್ಟಿತು. ತೂಕದ ಕರಾರನ್ನು ಮಾತ್ರ ಯಾರಿಂದಲೂ ಪಾಲಿಸಲಾಗದೆ ಆಮೇಲೆ ಸಡಿಲಿಸಬೇಕಾಯಿತು. ಹಾಗೆ ತೂಕ ಇಳಿಸುವ ಭರದಲ್ಲಿ ಹುಟ್ಟಿದ ಗಾಡಿ ಅದು. ಬಾಗಿಲಿಲ್ಲ, ಗಟ್ಟಿ ಮಾಡಿಲ್ಲ, ಹತ್ತಲು ಮೆಟ್ಟಿಲಿಲ್ಲ. ಸೈನ್ಯದ ಜೀಪಿನಲ್ಲಿ ಡ್ರೈವರ್ ಕೂರುತ್ತಿದ್ದುದು ಪೆಟ್ರೋಲ್ ಟ್ಯಾಂಕಿನ ಮೇಲೆಯೇ.

ಬ್ಯಾಂಟಮ್ಮಿಗೆ ಲಕ್ಷಗಟ್ಟಲೆ ಗಾಡಿ ಮಾಡುವ ತಾಕತ್ತಿರಲಿಲ್ಲ. ದೊಡ್ಡ ಆರ್ಡರುಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳ ಪಾಲಾದವು. ಯುದ್ಧ ಮುಗಿಯುವ ಹೊತ್ತಿಗೆ ಆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಹೊರತಂದಿದ್ದರು. ಮೊದಲು ಯೋಚಿಸಿದವನಿಗೆ ಸಿಕ್ಕಿದ್ದು ಟ್ರೇಲರ್ ಮಾಡುವ ಕೆಲಸ.

ಯುದ್ಧದ ಮಿಗತೆ ಮಾಲು 'ಡಿಸ್ಪೋಸಲ್' ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲೂ ಬಿಕರಿಗೆ ಬಂತು. ಹಳೆಯ ತಲೆಮಾರಿನವರು ಕಂಬಳಿಗೂ ಬೂಟಿಗೂ ಜೀಪಿಗೂ ಅದೇ ಪದ ಬಳಸುತ್ತಿದ್ದರು. ಅಲ್ಲಿಂದಲೇ ರಿಪೇರಿಯ ಕಥೆಯೂ ಸುರುವಾಗುತ್ತದೆ. ಸ್ವತಂತ್ರ ಭಾರತ ತನ್ನ ಮೊದಲ ದೊಡ್ಡ ಖರೀದಿ ಹಗರಣವನ್ನು ಕಂಡದ್ದೂ ರಿಪೇರಿ ಮಾಡಿದ ಜೀಪುಗಳಿಂದಲೇ ಎಂಬುದನ್ನು ಮರೆಯಬಾರದು. 1948ರಲ್ಲಿ ಕಾಶ್ಮೀರದ ಕಾಳಗಕ್ಕೆಂದು ಲಂಡನ್ನಿನ ನಮ್ಮ ಹೈಕಮಿಷನರ್ ಕಚೇರಿಯ ಮೂಲಕ ದುರಸ್ತಿಗೊಳಿಸಿದ ಹಳೆ ಜೀಪುಗಳಿಗೆ ಆರ್ಡರು ಹೋಯಿತು. ಬಂದಿಳಿದದ್ದು 155. ಅವೂ ಕೆಲಸಕ್ಕೆ ಬಾರವೆಂದು ಸೈನ್ಯ ಹೇಳಿತು. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಗದ್ದಲ ನಡೆದು 1955ರಲ್ಲಿ ಸರ್ಕಾರ ಆ ಕಡತವನ್ನು ಮುಚ್ಚಿತು.

ಅಷ್ಟರಲ್ಲಿ ಬೊಂಬಾಯಿಯ ಮಹೀಂದ್ರ ಕಂಪೆನಿ ವಿಲ್ಲೀಸ್ ಜೀಪಿನ ಭಾಗಗಳನ್ನು ತರಿಸಿ ಇಲ್ಲೇ ಜೋಡಿಸತೊಡಗಿತ್ತು. ಅದು 1945ರಲ್ಲಿ 'ಮಹೀಂದ್ರ ಅಂಡ್ ಮೊಹಮ್ಮದ್' ಎಂದು ಹುಟ್ಟಿದ ಸಂಸ್ಥೆ. ಪಾಲುದಾರರಾದ ಗುಲಾಂ ಮೊಹಮ್ಮದರು ದೇಶವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಅರ್ಥಮಂತ್ರಿಯಾದರು, ಇಲ್ಲಿ ಫಲಕದ ಮೇಲೆ ಎರಡು ಸಲವೂ ಮಹೀಂದ್ರರ ಹೆಸರೇ ಉಳಿಯಿತು. ನಮ್ಮ ಮಲೆನಾಡಿನವರು ಬಲ್ಲ ಎತ್ತರದ ಬಾನೆಟ್ಟಿನ ಜೀಪು 1953ರ ಮಾದರಿಯದು. ಹೊಸ ಎಂಜಿನ್ನಿನಲ್ಲಿ ವಾಲ್ವುಗಳು ಮೇಲಕ್ಕೆ ಬಂದದ್ದರಿಂದ ಅದನ್ನು ಮುಚ್ಚಲು ಬಾನೆಟ್ಟನ್ನು ಎತ್ತರಿಸಬೇಕಾಯಿತಂತೆ. ಅಮೆರಿಕದವರು 1968ಕ್ಕೆ ಅದನ್ನು ಕೈಬಿಟ್ಟರು. ನಾವು ಬಿಡಲಿಲ್ಲ.

ಜೀಪು ಹಳ್ಳಿಗೆ ಬಂದದ್ದು ಸರ್ಕಾರದ ಬೆನ್ನಿಗೆ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಸುರುವಾಯಿತಲ್ಲ, ಅಲ್ಲಿಂದ ಮುಂದೆ ಬಿಡಿಓ ಸಾಹೇಬರು ಮತ್ತು ಜೀಪು ಒಂದೇ ಪದವಾಯಿತು. ಮಲೇರಿಯಾದವರು ಡಿಡಿಟಿ ಹೊಡೆಯಲು ಬಂದದ್ದು ಜೀಪಿನಲ್ಲಿ. ಆರೋಗ್ಯ ಕೇಂದ್ರಕ್ಕೆ ಯುನಿಸೆಫ್ ಕೊಟ್ಟದ್ದೂ ಅಂಥದೇ ಗಾಡಿ. ಗ್ರಾಮಸೇವಿಕೆ, ನರ್ಸಮ್ಮ ಮುಂತಾದ ಸಂಬಳ ತರುವ ಹೆಂಗಸರನ್ನು ನಮ್ಮೂರಿನ ಹೆಣ್ಣುಮಕ್ಕಳು ಮೊದಲು ಕಂಡದ್ದು ಜೀಪಿನಿಂದ ಇಳಿಯುವಾಗ. ಕಂಡು ಹೆದರಿದ್ದೂ ಉಂಟು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಕುಟುಂಬ ಯೋಜನೆಯ ಜೀಪು ದಿಬ್ಬ ಏರುವ ಸದ್ದು ಕೇಳಿದರೆ ಸಾಕು, ಗಂಡಸರು ಅಡಿಕೆ ತೋಟಕ್ಕೆ ಇಳಿದು ಮಾಯವಾಗುತ್ತಿದ್ದರು. ಜೀಪಿನ ಮುಂದೆ ನಿಂತು "ಮನೇಲಿಲ್ಲ" ಎಂದು ಉತ್ತರ ಹೇಳುವ ಕೆಲಸ ಮಾತ್ರ ಹೆಂಗಸರದು.

ನನ್ನ ತವರಿಗೆ ಜೀಪು ಬಂದದ್ದು 1964ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿ ಮನೆಗೆ. ದೊಡ್ಡಪ್ಪ ಕಂಟ್ರಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡರು. ಟಾರು ರಸ್ತೆಗೆ ಮೂರು ಮೈಲಿ, ನಡುವೆ ಎರಡು ಹಳ್ಳ. ಮಳೆಗಾಲದ ನಾಲ್ಕು ತಿಂಗಳು ಎತ್ತಿನಗಾಡಿಯೂ ಹೂತುಹೋಗುವ ದಾರಿ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಮಗ್ಗುಲಲ್ಲಿದ್ದ ನಮಗೆ ನಾಲ್ಕೂ ಚಕ್ರ ಎಳೆಯುವ ಗಾಡಿ ದೇವರು ಬಂದ ಹಾಗೆ. ಆದರೆ ದೇವರ ಪಲ್ಲಕ್ಕಿ ಹತ್ತುವ ಬಗೆ ಹೇಗೆ? ದೊಡ್ಡಮ್ಮ ಮೊದಲ ದಿನವೇ ಸೀರೆಯ ನಿರಿಗೆ ಎತ್ತಿ ಹಿಡಿದು, ಕಾಲು ಎತ್ತಿ, ಇಳಿಸಿ, ಮತ್ತೆ ಎತ್ತಿ, ಕೊನೆಗೆ ಅಂಗಳದ ಕಟ್ಟೆಗೆ ಜೀಪನ್ನು ತಾಗಿಸಿ ನಿಲ್ಲಿಸಿ ಎಂದರು. "ಇಲ್ಲಿ ಕಟ್ಟೆ ಉಂಟು, ಸರಿ. ಇಳಿಯೋ ಜಾಗದಲ್ಲೂ ಕಟ್ಟೆ ಕಟ್ಟಿಸ್ತೀರಾ ಇವ್ರೇ?" ಎಂದು ಅವರು ಕೇಳಿದ್ದು ಮನೆಯಲ್ಲಿ ಬಹಳ ಕಾಲ ಗಾದೆಯಾಗಿತ್ತು.

ಹಾಗಾಗಿ ನಮ್ಮ ಜೀಪಿಗೆ ಸೇರಿದ ಮೊದಲ ಒಡವೆ ಮೆಟ್ಟಿಲು. ಊರಿನ ಆಚಾರಿ ಕುಲುಮೆಯಲ್ಲಿ ಲಾರಿಯ ಮುರಿದ ಸ್ಪ್ರಿಂಗ್ ಪ್ಲೇಟನ್ನು ಕಾಸಿ ಬಗ್ಗಿಸಿ ಹಿಂಬದಿಗೆ ಬೋಲ್ಟು ಹಾಕಿ ಕೊಟ್ಟರು. ಎರಡನೆಯದು ಹಿಡಿಕೆ, ಒಂದು ಗೇಣು ಕಬ್ಬಿಣದ ಪೈಪು. ಮೂರನೆಯದು ಟಾಪು. ಕಂಟ್ರಾಕ್ಟರರ ಕಾಲದ್ದು ಬರೀ ನೆತ್ತಿ ಮುಚ್ಚುತ್ತಿತ್ತು, ಪಕ್ಕದಿಂದ ಇರಚಲು ಹೊಡೆದರೆ ಹಿಂದೆ ಕುಳಿತವರು ಒದ್ದೆ. ಶಿವಮೊಗ್ಗದ ಕುಶನ್ ಅಂಗಡಿಯಲ್ಲಿ ದಪ್ಪ ಕ್ಯಾನ್ವಾಸಿಗೆ ಪಕ್ಕದ ಪರದೆಗಳನ್ನೂ ಹೊಲಿಸಿ, ಹೊರಗೆ ಕಾಣಲೆಂದು ನಡುವೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಇಡಿಸಿದ್ದು ಅಮ್ಮ. ಎರಡು ವರ್ಷದಲ್ಲಿ ಆ ಪ್ಲಾಸ್ಟಿಕ್ ಹಳದಿಯಾಗಿ, ಅದರಾಚೆಯ ಲೋಕವೆಲ್ಲ ಅರಿಶಿನ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಅಮೆರಿಕದಲ್ಲೂ ಜೀಪಿನ ಬೆನ್ನಿಗೆ ಇಂಥದೇ ಒಂದು ಉದ್ಯಮ ಬೆಳೆದಿತ್ತೆಂದು ನಾನು ಓದಿದ್ದು ಬಹಳ ತಡವಾಗಿ. ವಾರ್ನ್ ಎಂಬ ಕಂಪೆನಿ 1948ರಲ್ಲಿ ಸುರುವಾದದ್ದೇ ಹಳೆ ಸೈನ್ಯದ ಜೀಪಿನ ಮುಂದಿನ ಚಕ್ರಕ್ಕೆ ಲಾಕಿಂಗ್ ಹಬ್ ಮಾಡಲು. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗಿ ಸವೆಯದಿರಲಿ, ಪೆಟ್ರೋಲು ಉಳಿಯಲಿ ಎಂಬ ಲೆಕ್ಕ. ಯಂತ್ರದ ಸುಖಕ್ಕೆ ಒಂದು ಒಡವೆ, ಕುಳಿತವರ ಸುಖಕ್ಕೆ ಒಂದು. ಎರಡನೆಯದಕ್ಕೆ ನಮ್ಮ ಗಂಡಸರು "ಶೋಕಿ" ಎಂದು ಹೆಸರಿಟ್ಟಿದ್ದರು.

ಮುಂದಿನ ಎರಡು ಸೀಟು ದೊಡ್ಡಪ್ಪನಿಗೂ ಬಂದ ನೆಂಟರಲ್ಲಿ ಹಿರಿಯ ಗಂಡಸಿಗೂ ಮೀಸಲು. ಹೆಂಗಸರು, ಮಕ್ಕಳು, ಅಡಿಕೆ ಮೂಟೆ, ಹಾಲಿನ ಕ್ಯಾನು ಹಿಂದಿನ ಅಡ್ಡ ಬೆಂಚಿನಲ್ಲಿ ಮುಖಾಮುಖಿ. ಅದರಿಂದ ಲಾಭವಿರಲಿಲ್ಲವೆಂದಲ್ಲ. ಮುಂದೆ ಕುಳಿತವರಿಗೆ ಎಂಜಿನ್ನಿನ ಗದ್ದಲದಲ್ಲಿ ನಮ್ಮ ಮಾತು ಕೇಳುತ್ತಿರಲಿಲ್ಲ!

ಇನ್ನು ಕಾಯಿಲೆಗಳು. ಮಲೆನಾಡಿನ ಪೆಟ್ರೋಲ್ ಜೀಪಿಗೆ ದೊಡ್ಡ ಶತ್ರು ನೀರು. ಹಳ್ಳ ದಾಟುವಾಗ ಎಂಜಿನ್ನಿನ ಫ್ಯಾನು ನೀರನ್ನು ಎತ್ತಿ ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತದೆ. ಕಿಡಿ ಪ್ಲಗ್ಗಿಗೆ ತಲುಪುವ ಬದಲು ಒದ್ದೆಯ ಮೇಲೆ ಹರಿದುಹೋಗಿ ಗಾಡಿ ನಿಲ್ಲುತ್ತದೆ. ಬಲ್ಲವರು ನೀರಿಗಿಳಿಯುವ ಮೊದಲು ಫ್ಯಾನ್ ಬೆಲ್ಟನ್ನೇ ಬಿಚ್ಚಿಡುತ್ತಿದ್ದರು. ನಿಂತ ಮೇಲೆ ಮಾತ್ರ ಒಂದೇ ಉಪಾಯ, ಮುಚ್ಚಳ ಬಿಚ್ಚಿ ಒಣಗಿಸುವುದು. ಆಷಾಢದ ಮಲೆನಾಡಿನಲ್ಲಿ ಒಣಗುವ ಜಾಗವೆಂದು ಇದ್ದರೆ ಅದು ಬಚ್ಚಲ ಒಲೆಯ ದಂಡೆ ಒಂದೇ. ನಮ್ಮ ಮನೆಯಲ್ಲಿ ಮಕ್ಕಳ ಲಂಗೋಟಿ, ದೊಡ್ಡಪ್ಪನ ಕಾಲುಚೀಲ, ಹಪ್ಪಳದ ಜೊತೆಗೆ ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳವೂ ಅಲ್ಲಿ ಒಣಗುತ್ತಿತ್ತು. ಉರಿಗೆ ಹತ್ತಿರ ಇಟ್ಟರೆ ಬಿರುಕು ಬಿಡುತ್ತದೆ, ದೂರ ಇಟ್ಟರೆ ಒಣಗುವುದಿಲ್ಲ. ಆ ಅಂದಾಜು ದೊಡ್ಡಮ್ಮನಿಗೆ ಗೊತ್ತಿತ್ತು.

ಗ್ಯಾರೇಜು ಇದ್ದದ್ದು ಹನ್ನೊಂದು ಮೈಲಿ ದೂರದ ಪೇಟೆಯಲ್ಲಿ. ಹಾಗಾಗಿ ಅರ್ಧ ಗ್ಯಾರೇಜು ಅಡಿಗೆಮನೆಯೇ. ರೇಡಿಯೇಟರಿನಲ್ಲಿ ಸಣ್ಣ ತೂತಾದರೆ ಅರಿಶಿನ ಪುಡಿ ಸುರಿಯುವುದು. ಬಿಸಿನೀರಿನಲ್ಲಿ ಉಬ್ಬಿ ತೂತಿನ ಬಾಯಲ್ಲಿ ಕೂರುತ್ತದೆ, ಪೇಟೆ ತಲುಪುವವರೆಗೆ ಸಾಕು. ಪೆಟ್ರೋಲ್ ಟ್ಯಾಂಕು ಜಿನುಗಿದರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಉಜ್ಜಿ ಮೆತ್ತುವುದು, ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಪಾಯಿಂಟು ಕರಕಲಾದರೆ ಬೆಂಕಿಪೊಟ್ಟಣದ ಗೀರುವ ಬದಿಯಿಂದ ತಿಕ್ಕುವುದು. ಬೇಸಿಗೆಯ ಘಾಟಿಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ಕೆಮ್ಮಿ ನಿಂತರೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು. ಹಳೆಯ ಜೀಪಿನ ವೈಪರು ಎಂಜಿನ್ನಿನ ಗಾಳಿಯೆಳೆತದಿಂದ ಓಡುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಆ ಎಳೆತ ಕಡಮೆಯಾಗಿ, ಮಳೆ ಜೋರಾಗಿ ನೋಟ ಅತ್ಯಗತ್ಯವಾದ ಹೊತ್ತಿಗೇ ವೈಪರು ನಿದ್ದೆ ಹೋಗುತ್ತಿತ್ತು. ಆಗ ಅಜ್ಜಿಯ ಎಲೆಯಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು ಗಾಜಿಗೆ ಉಜ್ಜುತ್ತಿದ್ದರು. ನೀರು ಹನಿಗಟ್ಟದೆ ಜಾರುತ್ತದೆ. ಅಜ್ಜಿ "ನನ್ನ ಬಾಯಿಗಿಲ್ಲ, ಗಾಜಿಗೆ ಬೇಕು" ಎಂದು ಗೊಣಗುತ್ತಲೇ ಕೊಡುತ್ತಿದ್ದರು.

ಇವೆಲ್ಲ ಹೆಂಗಸರ ಹರಟೆ ಎಂದು ಯಾರಾದರೂ ನಕ್ಕರೆ ಅವರಿಗೆ ಬರ್ತಾ ಬೆಂಜ್ ಎಂಬಾಕೆಯ ಕಥೆ ಹೇಳಬೇಕು. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಮಾಡಿಟ್ಟಿದ್ದ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತನ್ನ ತವರಿಗೆ ನೂರು ಕಿಲೋಮೀಟರು ಚಿಲ್ಲರೆ ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಿಂದ ಬಿಡಿಸಿದಳು. ತಂತಿಯ ಹೊದಿಕೆ ಹೋದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ವೀಸ್‌ಲಾಕ್ ಎಂಬಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡಳು. ಲೋಕದ ಮೊದಲ ದೂರಪ್ರಯಾಣದಲ್ಲೇ ರಿಪೇರಿಯ ಪೆಟ್ಟಿಗೆ ಹೆಂಗಸಿನ ಉಡುಪಾಗಿತ್ತು! ಕಾರಿನ ಗಾಜು ಒರೆಸುವ ಕೈಸನ್ನೆಗೆ 1903ರಲ್ಲಿ ಪೇಟೆಂಟು ಪಡೆದವಳು ಅಮೆರಿಕದ ಮೇರಿ ಆಂಡರ್ಸನ್. 1909ರಲ್ಲಿ ಡೊರೋತಿ ಲೆವಿಟ್ ಎಂಬ ಇಂಗ್ಲಿಷ್ ಮಹಿಳೆ ಕಾರು ಓಡಿಸುವ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿ, ಹಿಡಿಕೆಯಿರುವ ಕೈಗನ್ನಡಿಯೊಂದನ್ನು ಇಟ್ಟುಕೊಂಡಿರಿ, ಹಿಂದೆ ಬರುವ ಗಾಡಿಯನ್ನು ನೋಡಬಹುದು ಎಂದು ಸಲಹೆ ಕೊಟ್ಟಿದ್ದಳು. ಕಾರುಗಳಿಗೆ ಹಿಂನೋಟದ ಕನ್ನಡಿ ಸಾಮಾನ್ಯವಾದದ್ದು ಆಮೇಲೆ.

ಈಗ ಹೇಳಲು ಸ್ವಲ್ಪ ಕಷ್ಟವಾಗುವ ಭಾಗ. 1967ರ ಜುಲೈ ಇರಬೇಕು, ರಾತ್ರಿ ಹತ್ತರ ಹೊತ್ತಿಗೆ ತೋಟದಾಚೆಯ ಮನೆಯಿಂದ ಕರೆ ಬಂತು. ಚೊಚ್ಚಲು ಹೆರಿಗೆ, ಬೆಳಗ್ಗೆಯಿಂದ ನೋವು, ಸೂಲಗಿತ್ತಿ ಕೈಚೆಲ್ಲಿದ್ದಳು. ಜೀಪಿನ ಹಿಂದಿನ ಒಂದು ಬೆಂಚು ಬಿಚ್ಚಿ ಹುಲ್ಲು ಹಾಸಿ ಹುಡುಗಿಯನ್ನು ಮಲಗಿಸಿದರು. ದೊಡ್ಡಮ್ಮ ಜೊತೆಗೆ ಹತ್ತಿದರು. ಎರಡನೆಯ ಹಳ್ಳದ ನಡುವೆ ಗಾಡಿ ನಿಂತಿತು. ದೊಡ್ಡಪ್ಪ ಲಾಟೀನು ಹಿಡಿದು ಮುಚ್ಚಳ ಬಿಚ್ಚಿದರೆ ಒರೆಸಲು ಒಣಬಟ್ಟೆ ಎಂಬುದು ಇಲ್ಲ. ಎಲ್ಲವೂ ತೊಯ್ದಿದೆ. ದೊಡ್ಡಮ್ಮ ಕಂಬಳಿಕೊಪ್ಪೆಯ ಒಳಗಿದ್ದ ತಮ್ಮ ಸೀರೆಯ ಒಣ ಸೆರಗನ್ನು ಹರಿದು ಮುಂದಕ್ಕೆ ಚಾಚಿ, "ಒಳಗಿನ ನಾಲ್ಕು ಮೊಳೆಯನ್ನೂ ಒರೆಸಿ, ನಡುವಿನದನ್ನು ಮರೀಬೇಡಿ" ಎಂದರಂತೆ. ನಾಲ್ಕು ಪ್ಲಗ್ಗಿಗೆ ನಾಲ್ಕು, ಕಾಯಿಲಿನಿಂದ ಬರುವ ತಂತಿಗೆ ನಡುವಿನದು. ಒಲೆಯ ದಂಡೆಯಲ್ಲಿ ಅಷ್ಟು ಸಲ ತಿರುಗಿಸಿ ಇಟ್ಟವರಿಗೆ ಅದು ಗೊತ್ತಿರದೆ ಇರುತ್ತದೆಯೇ? ಹ್ಯಾಂಡಲ್ ಹೊಡೆದಾಗ ಎಂಜಿನ್ ಹಿಡಿಯಿತು. ಆಸ್ಪತ್ರೆಯಲ್ಲಿ ನಸುಕಿಗೆ ಹೆರಿಗೆಯಾಯಿತು, ತಾಯಿ ಮಗು ಇಬ್ಬರೂ ಉಳಿದರು.

ಮರುವರ್ಷ ಅದೇ ತಿಂಗಳು ಇನ್ನೊಂದು ಮನೆಯಿಂದ ಹಾಗೆಯೇ ಕರೆ ಬಂತು. ಆಗ ನಮ್ಮ ಜೀಪು ಆಕ್ಸಲ್ ಮುರಿದು ಪೇಟೆಯ ಗ್ಯಾರೇಜಿನಲ್ಲಿ ಕಲ್ಲಿನ ಮೇಲೆ ಕುಳಿತು ಎಂಟು ದಿನವಾಗಿತ್ತು. ಆ ಭಾಗ ಬೆಂಗಳೂರಿನಿಂದ ಬರಬೇಕು, ಲಾರಿಯವರು ತರಬೇಕು, ಘಾಟಿಯಲ್ಲಿ ಮರ ಬಿದ್ದಿದೆ ಎಂಬ ಸುದ್ದಿ. ಕಂಬಳಿ ಜೋಲಿಯಲ್ಲಿ ಹೊತ್ತುಕೊಂಡು ಹೊರಟರು. ಟಾರು ರಸ್ತೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹುಡುಗಿಗೆ ಹತ್ತೊಂಬತ್ತು ವರ್ಷ. ದೊಡ್ಡಮ್ಮ ಆ ವಿಷಯ ಎತ್ತುತ್ತಿರಲಿಲ್ಲ. ಆದರೆ ಅವರು ಆ ವರ್ಷದ ಅಡಿಕೆ ಮಾರಿದ ದುಡ್ಡು ಬಂದಾಗ ಬಳೆಯ ಬದಲು ಒಂದು ಪಟ್ಟಿ ಮುಂದಿಟ್ಟರು. ಫ್ಯಾನ್ ಬೆಲ್ಟ್ ಒಂದು, ಪಾಯಿಂಟು ಒಂದು ಜೊತೆ, ಕಂಡೆನ್ಸರ್, ರೋಟರ್, ಪ್ಲಗ್ಗು ನಾಲ್ಕು, ಹಿಂದಿನ ಆಕ್ಸಲ್ ಒಂದು. ಸಣ್ಣವು ಹಾರ್ಲಿಕ್ಸ್ ಬಾಟಲಿಯಲ್ಲಿ ಅಕ್ಕಿಯ ಜೊತೆ, ತೇವ ಹಿಡಿಯದ ಹಾಗೆ. ಆಕ್ಸಲ್ಲಿಗೆ ಎಣ್ಣೆ ಹಚ್ಚಿ ಗೋಣಿ ಸುತ್ತಿ ಅಟ್ಟದಲ್ಲಿ ಇಟ್ಟರು. ಯಾರಾದರೂ "ಇಷ್ಟು ದುಡ್ಡು ಹಾಕಿ ಕಬ್ಬಿಣ ಇಟ್ಟುಕೊಂಡಿದ್ದೀರಲ್ಲ ಅಕ್ಕಾ" ಎಂದರೆ ಉತ್ತರ ಕೊಡದೆ ಕಾಫಿ ತರಲು ಒಳಗೆ ಹೋಗುತ್ತಿದ್ದರು.

1973ರಲ್ಲಿ ಪೆಟ್ರೋಲಿನ ಬೆಲೆ ಏರತೊಡಗಿದ ಮೇಲೆ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಕೂರಿಸುವ ಕಾಲ ಬಂತು. 1980ರ ದಶಕದಲ್ಲಿ ಕಂಪೆನಿಯೇ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನಿನ ಜೀಪು ತಂದಿತು. ಡೀಸೆಲ್ಲಿಗೆ ಕಿಡಿ ಬೇಡ, ಆದ್ದರಿಂದ ಡಿಸ್ಟ್ರಿಬ್ಯೂಟರೂ ಇಲ್ಲ, ಒದ್ದೆಯಾಗುವ ಭಯವೂ ಇಲ್ಲ. ಅದರ ಕಾಯಿಲೆ ಬೇರೆ. ಟ್ಯಾಂಕು ಬರಿದಾಗಿ ಪೈಪಿಗೆ ಗಾಳಿ ಹೊಕ್ಕರೆ ನಟ್ಟು ಸಡಿಲಿಸಿ ಕೈಪಂಪು ಒತ್ತಿ ಗುಳ್ಳೆ ಹೋಗುವವರೆಗೆ ಡೀಸೆಲ್ ಹರಿಯಬಿಡಬೇಕು. ಬಚ್ಚಲ ಒಲೆಗೆ ಮುಚ್ಚಳ ಬರುವುದು ನಿಂತಿತು. ನಮಗದು ಅನುಕೂಲವೇ. ಆದರೂ ಯಂತ್ರ ಸ್ವಲ್ಪ ಹೆಚ್ಚು ಗಂಡಸರದಾಯಿತು ಎಂದು ನನಗೆ ಅನ್ನಿಸಿದ್ದುಂಟು.

ಜೀಪಿನ ಅಣ್ಣತಮ್ಮಂದಿರು ಅಮೆರಿಕದಲ್ಲಿ ಬೇರೆ ರೂಪ ತಾಳಿದರು. ಹೊಲ, ತೋಟ, ಕಾಡಿನ ಕೆಲಸಕ್ಕೆಂದು ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ಸ್ಟೇರಿಂಗ್ ಚಕ್ರವಿರುವ, ಹಿಂದೆ ಸಾಮಾನಿನ ತೊಟ್ಟಿಯಿರುವ ಪುಟ್ಟ ಗಾಡಿಗಳು. ಕವಾಸಾಕಿಯ 'ಮ್ಯೂಲ್' 1988ರಲ್ಲಿ ಬಂತು. ಇವಕ್ಕೆ ಅಲ್ಲಿ 'ಸೈಡ್ ಬೈ ಸೈಡ್' ಎಂದೇ ಹೆಸರು. ನಮ್ಮ ಹಿಂದಿನ ಬೆಂಚಿನವರಿಗೆ ಈ ಹೆಸರು ಕೇಳಿದರೆ ನಗು ಬಂದೀತು. ಅಲ್ಲಿಯೂ ಹಿಡಿಕೆಯ ಪ್ರಶ್ನೆ ಎದ್ದಿತು, ಬಹಳ ದುಬಾರಿಯಾಗಿ. ಯಮಾಹಾದ 'ರೈನೊ' ಎಂಬ ಗಾಡಿಗಳು ಮಗುಚಿ, ಕುಳಿತವರು ಕೈಕಾಲು ಹೊರಚಾಚಿ ಜಜ್ಜಿಹೋದ ದೂರುಗಳು ಬಂದವು. 2007ರಲ್ಲಿ ಕಂಪೆನಿ ಉಚಿತವಾಗಿ ಬಾಗಿಲು ಮತ್ತು ಪಕ್ಕದಲ್ಲಿ ಕೂರುವವರಿಗೆ ಹಿಡಿಕೆ ಕೂರಿಸಿಕೊಡಲು ಒಪ್ಪಿತು. 2009ರ ಮಾರ್ಚಿನಲ್ಲಿ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ 46 ಸಾವುಗಳ ಲೆಕ್ಕ ಕೊಟ್ಟು, ಉಚಿತ ದುರಸ್ತಿಯನ್ನು ಘೋಷಿಸಿತು. ದುರಸ್ತಿಯೇನು? ಹಿಂದಿನ ಚಕ್ರಗಳು ಇನ್ನಷ್ಟು ಅಗಲಕ್ಕೆ ನಿಲ್ಲುವಂತೆ ಸ್ಪೇಸರ್ ಹಾಕುವುದು, ಹಿಂದಿನ ಒಂದು ಸರಳನ್ನು ತೆಗೆದುಬಿಡುವುದು. ಅಷ್ಟೇ. ನಮ್ಮ ಆಚಾರಿ ಕುಲುಮೆಯಲ್ಲಿ ಅರ್ಧ ದಿನದಲ್ಲಿ ಮಾಡಿ ಕೊಡುತ್ತಿದ್ದಂಥ ಕೆಲಸ. ಬಾಗಿಲು, ಹಿಡಿಕೆಗಳನ್ನು ಶೋಕಿ ಎನ್ನುವವರು ಈ ಲೆಕ್ಕವನ್ನು ಓದಬೇಕು.

2018ರಲ್ಲಿ ಮಹೀಂದ್ರ ಕಂಪೆನಿ ನಮ್ಮ ಹಳೆ ಜೀಪಿನ ಸಂತಾನವನ್ನೇ 'ರಾಕ್ಸರ್' ಎಂಬ ಹೆಸರಿನಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಜೋಡಿಸಿ, ರಸ್ತೆಗಲ್ಲ, ಹೊಲ ಕಾಡಿಗೆ ಮಾತ್ರ ಎಂದು ಸೈಡ್ ಬೈ ಸೈಡ್‌ಗಳ ಸಾಲಿನಲ್ಲಿ ಮಾರಾಟಕ್ಕಿಟ್ಟಿತು. ಕಬ್ಬಿಣದ ಮೈ, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್. ಆಗ ಜೀಪ್ ಹೆಸರಿನ ಒಡೆತನವಿದ್ದ ಫಿಯಟ್ ಕ್ರೈಸ್ಲರ್ ಕಂಪೆನಿ, ಇದು ನಮ್ಮ ಜೀಪಿನ ಮುಖ ಎಂದು ದೂರು ಕೊಟ್ಟಿತು. 2020ರ ಜೂನಿನಲ್ಲಿ ಅಲ್ಲಿನ ವ್ಯಾಪಾರ ಆಯೋಗ ರಾಕ್ಸರನ್ನು ತಡೆಯಿತು. ಮುಖ ಬದಲಿಸಿದ ಮೇಲೆ ಅದೇ ಡಿಸೆಂಬರಿನಲ್ಲಿ ಅಡ್ಡಿಯಿಲ್ಲವೆಂದಿತು. ಎಪ್ಪತ್ತು ವರ್ಷ ಇಲ್ಲಿ ಬಾಳಿ, ಮುದುಕಿಯಾಗಿ ತವರಿಗೆ ಹೋದವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ನೀನು ಯಾರೆಂದು ಕೇಳಿದ ಹಾಗೆ.

ದೊಡ್ಡಪ್ಪ ತೀರಿಕೊಂಡ ಮೇಲೆ ನಮ್ಮ ಜೀಪನ್ನು ಕೊಡಚಾದ್ರಿ ಕಡೆಯವರೊಬ್ಬರು ಕೊಂಡುಹೋದರು. ಕೊಡಚಾದ್ರಿಯ ಆ ಕಲ್ಲುದಾರಿಯಲ್ಲಿ ಪ್ರವಾಸಿಗರನ್ನು ಮೇಲಕ್ಕೆ ಹೊರುವ ಕೆಲಸ ಈಗಲೂ ಜೀಪಿನದೇ. ನಾನೂ ಎರಡು ವರ್ಷದ ಹಿಂದೆ ಮಗಳ ಜೊತೆ ಹತ್ತಿದೆ. ಹಿಂದೆ ಎಂಟು ಜನ, ಮೇಲೆ ಹಿಡಿಯಲು ಉದ್ದಕ್ಕೆ ಪೈಪು, ಕೆಳಗೆ ಬೆಸುಗೆ ಹಾಕಿದ ಮೆಟ್ಟಿಲು. ಅರ್ಧ ದಾರಿಯಲ್ಲಿ ಡೀಸೆಲ್ ವಾಸನೆ ಬಂತು. ಡ್ರೈವರ್ ಹುಡುಗ ಇಳಿದು ಸೀಟಿನ ಅಡಿಯ ಗೋಣಿಚೀಲದಲ್ಲಿ ಕೈಯಾಡಿಸಿದ. ಸ್ಪ್ಯಾನರುಗಳು, ಒಂದು ತುಂಡು ಸೈಕಲ್ ಟ್ಯೂಬು, ತಂತಿ, ಅರ್ಧ ಸವೆದ ಬಾರ್ ಸೋಪು. "ಅದರಲ್ಲಿ ನಿಲ್ತದಾ?" ಎಂದು ಮಗಳು ಕೇಳಿದಳು. "ಕೆಳಗೆ ಹೋಗೋ ತನಕ ನಿಲ್ತದೆ ಅಕ್ಕಾ," ಎಂದ ಅವನು, ಟ್ಯಾಂಕಿನಡಿಗೆ ತೂರುತ್ತ.